ಕೊನೆಯ ಫೆಡರೇಶನ್ ಕಪ್, 2017: ಹಳದಿಯೋ ನೀಲಿಯೋ ಅಂತ ಯಾರೂ ಕೇಳದ ಸೀಸನ್

ಕುಂಬಳೆಯ ಕಾಲ್ಚೆಂಡು (ಚರ್ಚೆ ಶುರು ಮಾಡಿದವರು)

ಹಳದಿ ಅಂಗಿಯ ಕೇರಳ ಬ್ಲಾಸ್ಟರ್ಸ್ ಮತ್ತು ನೀಲಿ ಅಂಗಿಯ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಆಡುವ ದಿನ ಬಂತೆಂದರೆ ಕಾಸರಗೋಡಿನ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಅದೇ ಜಗಳ. "ಕನ್ನಡ ಶಾಲೆಯಲ್ಲಿ ಕಲಿತವನು ಹಳದಿಗೆ ಯಾಕೆ ಕೂಗುವುದು?" ಅಂತ ಒಬ್ಬರು. "ರೇಷನ್ ಕಾರ್ಡ್ ಕೇರಳದ್ದು, ಮತ್ತೆ ನೀಲಿಗೆ ಯಾಕೆ ಕೂಗುವುದು?" ಅಂತ ಇನ್ನೊಬ್ಬರು. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರಿನ ಸುನಿಲ್ ಛೇಟ್ರಿಯ ಫ್ರೀ ಕಿಕ್ ಗೋಲನ್ನು ಒಪ್ಪದೆ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದ ಮೇಲಂತೂ ಕೆಲವರು ಗುಂಪೇ ಬಿಟ್ಟುಹೋದರು. ಒಂದೇ ಮನೆಯ ಅಣ್ಣ ತಮ್ಮ ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು.

ಈ ಪ್ರಶ್ನೆಯೇ ಹುಟ್ಟದ ಒಂದು ಸೀಸನ್ ಇತ್ತು. ಅದನ್ನು ಯಾರೂ ಈಗ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

2016-17. ಆಗ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮೂರೇ ತಿಂಗಳ ಆಟ, ಅಕ್ಟೋಬರ್‌ನಿಂದ ಡಿಸೆಂಬರ್. ಅದು ಮುಗಿದ ಮೇಲೆ ಜನವರಿಯಲ್ಲಿ ಐ-ಲೀಗ್ ಶುರು. ಬ್ಲಾಸ್ಟರ್ಸ್ ಇದ್ದದ್ದು ಮೊದಲನೆಯದರಲ್ಲಿ, ಬೆಂಗಳೂರು ಎರಡನೆಯದರಲ್ಲಿ. ಹಾಗಾಗಿ ಒಬ್ಬನೇ ಆಟಗಾರ ಒಂದೇ ವರ್ಷದಲ್ಲಿ ಎರಡು ಕ್ಲಬ್‌ಗೆ ಆಡಬಹುದಿತ್ತು. ಕಣ್ಣೂರಿನ ಸಿ.ಕೆ. ವಿನೀತ್ ಅದನ್ನೇ ಮಾಡಿದರು. 2016ರ ನವೆಂಬರ್ 5ಕ್ಕೆ ದೋಹಾದಲ್ಲಿ ಬೆಂಗಳೂರು ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ಆಡಿತು, ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 1-0ಗೆ ಸೋತಿತು. ಅದಾದ ಕೂಡಲೇ ವಿನೀತ್ ಬ್ಲಾಸ್ಟರ್ಸ್‌ಗೆ ಬಂದು 5 ಗೋಲು ಹೊಡೆದರು. ತಂಡವನ್ನು ಫೈನಲ್‌ವರೆಗೆ ಎಳೆದದ್ದೇ ಆ ಗೋಲುಗಳು. ಜನವರಿಗೆ ಮತ್ತೆ ನೀಲಿ ಅಂಗಿ. ತೃಶ್ಶೂರಿನ ರಿನೋ ಆಂಟೋ ಕೂಡ ಹಾಗೆಯೇ. ಸಂದೇಶ್ ಝಿಂಗನ್ ಕೂಡ ಆ ಐ-ಲೀಗ್‌ಗೆ ಬೆಂಗಳೂರಿಗೆ ಹೋಗಿದ್ದರು.

ಆ ವರ್ಷ ಐ-ಲೀಗ್‌ನಲ್ಲಿ ಬೆಂಗಳೂರಿನದ್ದು ಕೆಟ್ಟ ಆಟ. ಹಿಂದಿನ ವರ್ಷದ ಚಾಂಪಿಯನ್ ತಂಡ ನಾಲ್ಕನೇ ಸ್ಥಾನಕ್ಕೆ ಇಳಿಯಿತು. ಮಿಜೋರಾಮಿನ ಐಜಾಲ್ ಎಫ್‌ಸಿ ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಕೋಲ್ಕತ್ತಾದ ಮೋಹನ್ ಬಗಾನನ್ನು ಹಿಂದೆ ಹಾಕಿ ಲೀಗ್ ಗೆದ್ದಿತು. ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ಚಂದದ ಕಥೆ ನನಗೆ ಗೊತ್ತಿಲ್ಲ, ಅದನ್ನು ಬೇರೆಯೇ ಬರೆಯಬೇಕು.

ಲೀಗ್ ಮುಗಿದದ್ದು ಏಪ್ರಿಲ್ 30ಕ್ಕೆ. ಒಂದು ವಾರ ಕಳೆದು ಕಟಕ್‌ನ ಬಾರಾಬತಿ ಮೈದಾನದಲ್ಲಿ ದೇಶದ ಕ್ಲಬ್‌ಗಳ ಫೆಡರೇಶನ್ ಕಪ್. ಮೊದಲು ಗುಂಪು ಮಾಡಿ ಆಟ, ಮತ್ತೆ ನಾಕೌಟ್ (ಸೋತವರು ಹೊರಗೆ). ಎಂಟು ತಂಡ. ಸೆಮಿಯಲ್ಲಿ ಬೆಂಗಳೂರಿಗೆ ಸಿಕ್ಕಿದ್ದು ಅದೇ ಐಜಾಲ್. 1-0. ಇನ್ನೊಂದು ಸೆಮಿಯಲ್ಲಿ ಮೋಹನ್ ಬಗಾನ್ 2-0ಗೆ ಈಸ್ಟ್ ಬೆಂಗಾಲನ್ನು ಹೊರಗೆ ಹಾಕಿತು. ಅಂದರೆ ನಾಲ್ಕನೆಯವರು ಮೊದಲು ಚಾಂಪಿಯನ್ನರನ್ನು ಸೋಲಿಸಿ, ಮತ್ತೆ ಎರಡನೆಯವರ ಎದುರು ನಿಂತರು. ಆ ಎರಡನೆಯವರು ಹಿಂದಿನ ವರ್ಷ ಇದೇ ಕಪ್ಪನ್ನು ಗುವಾಹಾಟಿಯಲ್ಲಿ 5-0ಗೆ ಗೆದ್ದವರು.

ಮೇ 21, ಭಾನುವಾರ. 90 ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್. 107ನೇ ನಿಮಿಷಕ್ಕೆ ವಿನೀತ್. 119ನೇ ನಿಮಿಷಕ್ಕೆ ಮತ್ತೆ ವಿನೀತ್. 2-0.

ನಮ್ಮ ಮನೆಯಲ್ಲಿ ಆ ದಿನ ಹಳದಿಯವರೂ ನೀಲಿಯವರೂ ಒಟ್ಟಿಗೆ ಎದ್ದು ಕುಣಿದರು. ಬೆಂಗಳೂರು ಗೆದ್ದಿತು ಅಂತ ಕೆಲವರಿಗೆ ಖುಷಿ. ಪಕ್ಕದ ಜಿಲ್ಲೆಯ ಹುಡುಗ ಗೆಲ್ಲಿಸಿದ ಅಂತ ಕೆಲವರಿಗೆ ಖುಷಿ. ನನಗೆ ಎರಡೂ. ಆ ಕಪ್ ಅದೇ ಕೊನೆ. ಮುಂದಿನ ವರ್ಷ ಅದರ ಜಾಗಕ್ಕೆ ಸೂಪರ್ ಕಪ್ ಬಂತು. ಬೆಂಗಳೂರು ಐಎಸ್‌ಎಲ್‌ಗೆ ಹೋಯಿತು, ಎರಡು ಲೀಗ್ ಒಂದೇ ಹೊತ್ತಿಗೆ ನಡೆಯತೊಡಗಿತು. ಎರಡು ಅಂಗಿ ತೊಡುವುದು ಅಲ್ಲಿಗೆ ಮುಗಿಯಿತು. 2017ರ ಡಿಸೆಂಬರ್ 31ಕ್ಕೆ ಕೊಚ್ಚಿಯಲ್ಲಿ ಬೆಂಗಳೂರು 3-1ಗೆ ಬ್ಲಾಸ್ಟರ್ಸನ್ನು ಸೋಲಿಸಿತಲ್ಲ, ನಮ್ಮ ಗುಂಪುಗಳ ಜಗಳ ಶುರುವಾದದ್ದು ಆ ರಾತ್ರಿಯೇ.

ಆ ಸೀಸನ್ ನೆನಪಿರುವವರು ಬರೆಯಿರಿ. ಒಪ್ಪದವರೂ ಬರೆಯಿರಿ.

ಉಪ್ಪಳ ರೈಟ್ ವಿಂಗ್

ಅಣ್ಣಾ, ನಾನು ಆಗ ಆರನೇ ಕ್ಲಾಸ್. ಬ್ಲಾಸ್ಟರ್ಸ್ ಫೈನಲ್ ನೆನಪುಂಟು, ಇದು ಗೊತ್ತೇ ಇರಲಿಲ್ಲ. ಒಂದು ಅರ್ಥ ಆಗ್ಲಿಲ್ಲ. ಎಂಟು ತಂಡ ಅಂದ್ರೆ ಕ್ವಾರ್ಟರ್, ಸೆಮಿ, ಫೈನಲ್ ಅಲ್ವಾ? ಗುಂಪು ಮಾಡಿ ಆಡಿದ್ರೆ ಅದು ನಾಕೌಟ್ ಹೇಗೆ?

ಕುಂಬಳೆಯ ಕಾಲ್ಚೆಂಡು

ಒಳ್ಳೆಯ ಪ್ರಶ್ನೆ ತಮ್ಮಾ. 2016ರಲ್ಲಿ ನೀನು ಹೇಳಿದ ಹಾಗೆಯೇ ಇತ್ತು. ಎಂಟು ತಂಡ, ಕ್ವಾರ್ಟರಿನಿಂದಲೇ ನಾಕೌಟ್. ಒಂದು ಮ್ಯಾಚ್ ನಿನ್ನ ಊರಲ್ಲಿ, ಒಂದು ಎದುರಿನವರ ಊರಲ್ಲಿ, ಎರಡರ ಗೋಲು ಕೂಡಿಸಿ ಲೆಕ್ಕ. ಫೈನಲ್ ಮಾತ್ರ ಒಂದೇ ಆಟ, ಗುವಾಹಾಟಿಯಲ್ಲಿ.

2017ರಲ್ಲಿ ಎಲ್ಲವನ್ನೂ ಕಟಕ್‌ನಲ್ಲೇ ಎರಡು ವಾರದೊಳಗೆ ಮುಗಿಸಿದರು. ನಾಲ್ಕು ನಾಲ್ಕು ತಂಡದ ಎರಡು ಗುಂಪು. ಗುಂಪಿನಲ್ಲಿ ಮೊದಲ ಎರಡು ಸ್ಥಾನ ಬಂದವರು ಸೆಮಿಗೆ. ಅಲ್ಲಿಂದ ಮೇಲೆ ಸೋತವನು ಮನೆಗೆ. ಬೆಂಗಳೂರು ಮತ್ತು ಬಗಾನ್ ಒಂದೇ ಗುಂಪಲ್ಲಿದ್ದರು. ಎಎಫ್‌ಸಿ ಕಪ್‌ನಲ್ಲಿ ಕೂಡ ಆ ವರ್ಷ ಇಬ್ಬರಿಗೂ ಒಂದೇ ಗುಂಪು. ಲೀಗ್‌ನಲ್ಲೂ ಎರಡು ಸಲ ಎದುರಾಗಿದ್ದರು. ಹಾಗಾಗಿ ಫೈನಲ್ ಹೊತ್ತಿಗೆ ಒಬ್ಬರ ಆಟ ಇನ್ನೊಬ್ಬರಿಗೆ ಪೂರ್ತಿ ಗೊತ್ತು. 90 ನಿಮಿಷ ಗೋಲು ಬಾರದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅಂಥ ಬಿಗಿ ಆಟವನ್ನು ಕೊನೆಗೆ ಒಡೆಯುವುದು ಕಾಲಲ್ಲಿ ಇನ್ನೂ ಓಟ ಉಳಿಸಿಕೊಂಡವನು. ಮೇ ತಿಂಗಳ ಕಟಕ್ ಸೆಕೆಯಲ್ಲಿ 119ನೇ ನಿಮಿಷಕ್ಕೂ ವಿನೀತ್ ಓಡುತ್ತಿದ್ದರು. ನಾನು ಈ ಆಟಗಾರನನ್ನು ಇಷ್ಟು ಹಚ್ಚಿಕೊಂಡದ್ದು ಅದಕ್ಕೇ.

ನೀರ್ಚಾಲು ಮಾಷ್ಟ್ರು

ಒಳ್ಳೆಯ ವಿಷಯ ತೆಗೆದಿರಿ. ಆದರೆ ಫೆಡರೇಶನ್ ಕಪ್ ಅಂದರೆ 2017 ಒಂದೇ ಅಲ್ಲ. ನಮ್ಮ ಪ್ರಾಯದವರಿಗೆ ಆ ಕಪ್ಪಿನ ಹೆಸರು ಹೇಳಿದ ಕೂಡಲೇ ನೆನಪಾಗುವುದು ಕಣ್ಣೂರು.

1990ರಲ್ಲಿ ತೃಶ್ಶೂರಿನಲ್ಲಿ ಕೇರಳ ಪೊಲೀಸ್ ತಂಡ ಸಾಲ್‌ಗಾಂವ್ಕರ್ ಎದುರು 2-1ಗೆ ಗೆದ್ದಿತು. ಕೇರಳದ ತಂಡವೊಂದು ಆ ಕಪ್ ಎತ್ತಿದ್ದು ಅದೇ ಮೊದಲು. ಮರುವರ್ಷ 1991ರಲ್ಲಿ ಕಪ್ ಕಣ್ಣೂರಿಗೆ ಬಂತು. ಫೈನಲ್ ಮಹೀಂದ್ರ ಆಂಡ್ ಮಹೀಂದ್ರ ಎದುರು. ಮತ್ತೆ ಗೆದ್ದದ್ದು ಪೊಲೀಸ್. ವಿ.ಪಿ. ಸತ್ಯನ್, ಐ.ಎಂ. ವಿಜಯನ್, ಪಾಪಚ್ಚನ್, ಶರಫ್ ಅಲಿ, ಗೋಲಲ್ಲಿ ಚಾಕೋ, ಇವರೆಲ್ಲ ಆ ಕಾಲದ ತಂಡದವರು. ಸತ್ಯನ್ ಕಣ್ಣೂರು ಜಿಲ್ಲೆಯವರೇ. ಮತ್ತೆ ಭಾರತದ ಕ್ಯಾಪ್ಟನ್ ಆದರು.

ನಾವು ಸ್ನೇಹಿತರು ಕಾಸರಗೋಡಿನಿಂದ ರೈಲು ಹತ್ತಿ ಹೋದೆವು. ಕೂತುಕೊಳ್ಳಲು ಜಾಗ ಇರಲಿಲ್ಲ, ಬಾಗಿಲ ಹತ್ತಿರ ನಿಂತೇ ಹೋದದ್ದು. ಕಾಞಂಗಾಡ್, ನೀಲೇಶ್ವರ, ಚೆರುವತ್ತೂರು, ಪ್ರತಿ ಸ್ಟೇಷನ್‌ನಲ್ಲೂ ಆಟ ನೋಡಲು ಹೊರಟವರು ಹತ್ತುತ್ತಿದ್ದರು. ನಮ್ಮ ಗುಂಪಿನಲ್ಲಿ ಹವ್ಯಕರು, ಬಂಟರು, ಮಾಪಿಳ್ಳೆಗಳು, ಮಣಿಯಾಣಿಗಳು ಎಲ್ಲ ಇದ್ದೆವು. ಕನ್ನಡ, ತುಳು, ಮಲಯಾಳ ಮೂರೂ ಕಲಸಿ ಮಾತು. ನೀನು ಯಾವ ರಾಜ್ಯದವನು ಅಂತ ಯಾರೂ ಕೇಳಲಿಲ್ಲ. ಕಾಸರಗೋಡು ಜಿಲ್ಲೆ ಆಗಿ ಆಗಿನ್ನೂ ಏಳು ವರ್ಷ. ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯವರೇ ಅಲ್ವಾ?

ಹಾಗಾಗಿ ಎರಡು ಕಡೆಗೂ ಕೂಗಬಹುದಾದ ಕಪ್ ಅಂತ ನೀವು 2017ಕ್ಕೆ ಕೊಡುವ ಪಟ್ಟವನ್ನು ನಾನು 1991ಕ್ಕೆ ಕೊಡುತ್ತೇನೆ. ಅದೂ ಟೀವಿಯಲ್ಲಿ ಅಲ್ಲ, ಕಣ್ಣೆದುರು.

ಬದಿಯಡ್ಕ ಟು ಬೆಂಗಳೂರು

ಮಾಷ್ಟ್ರೇ, ನಿಮ್ಮ ಪೋಸ್ಟ್ ಓದಿ ಖುಷಿ ಆಯ್ತು. ನಾನು ಇನ್ನೂ ಹಿಂದಕ್ಕೆ ಹೋಗುತ್ತೇನೆ.

ನಾನೀಗ ಇರುವುದು ಬೆಂಗಳೂರಿನ ದೂರವಾಣಿನಗರದ ಹತ್ತಿರ. ಐಟಿಐ ಕಾರ್ಖಾನೆ ಇರುವ ಜಾಗ. ಈಗಿನ ಹುಡುಗರಿಗೆ ಐಟಿಐ ಅಂದರೆ ಡಿಪ್ಲೊಮಾ ಹಾಗಿನ ಕೋರ್ಸ್. ಆದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಂಡ 1977ರ ಮೊಟ್ಟಮೊದಲ ಫೆಡರೇಶನ್ ಕಪ್ ಗೆದ್ದದ್ದು. ಎಲ್ಲಿ? ಎರ್ನಾಕುಳಂನಲ್ಲಿ. ಯಾರ ಎದುರು? ಮೋಹನ್ ಬಗಾನ್. 1-0.

ಈಗ ಕೂಡಿಸಿ ನೋಡಿ. ಮೊದಲ ಕಪ್ ಗೆದ್ದದ್ದು ಬೆಂಗಳೂರಿನ ತಂಡ, ಗೆದ್ದ ಜಾಗ ಕೇರಳ. ಕೊನೆಯ ಕಪ್ ಗೆದ್ದದ್ದೂ ಬೆಂಗಳೂರಿನ ತಂಡ, ಗೆಲ್ಲಿಸಿದ್ದು ಕೇರಳದ ಹುಡುಗ. ಎರಡು ಸಲವೂ ಫೈನಲ್‌ನಲ್ಲಿ ಸೋತದ್ದು ಮೋಹನ್ ಬಗಾನ್, ಅದೂ 14 ಸಲ ಈ ಕಪ್ ಗೆದ್ದ ತಂಡ. ನಡುವೆ 40 ವರ್ಷ. ಇದನ್ನು ಯಾರಾದರೂ ಕಟ್ಟಿ ಹೇಳಿದರೆ ನಂಬಲಿಕ್ಕಿಲ್ಲ, ಆದರೆ ದಾಖಲೆಯಲ್ಲೇ ಉಂಟು.

ಐಟಿಐ, ಎಚ್‌ಎಎಲ್ ಇವೆಲ್ಲ ಕೆಲಸ ಕೊಟ್ಟು ಆಟಗಾರರನ್ನು ಸಾಕಿದ ಸರ್ಕಾರಿ ಕಾರ್ಖಾನೆಗಳು. ಬೆಳಿಗ್ಗೆ ಅಭ್ಯಾಸ, ಹಗಲಿಗೆ ಹಾಜರಿ, ತಿಂಗಳಿಗೆ ಸಂಬಳ. ಆಟ ನಿಂತ ಮೇಲೂ ಪಿಂಚಣಿವರೆಗೆ ಬದುಕು ಭದ್ರ. ಕೇರಳದಲ್ಲಿ ಪೊಲೀಸ್, ಕೆಎಸ್‌ಇಬಿ (ವಿದ್ಯುತ್ ಮಂಡಳಿ), ಎಸ್‌ಬಿಟಿ (ಬ್ಯಾಂಕ್) ಮಾಡಿದ್ದೂ ಅದನ್ನೇ. ಈಗ ಕ್ಲಬ್ ಮುಚ್ಚಿದರೆ ಆಟಗಾರ ಬೀದಿಗೆ. ಇದು ನನಗೆ ತುಂಬಾ ಬೇಸರದ ವಿಷಯ.

ಒಂದು ಮಾತು ಮಾತ್ರ ಹೇಳಬೇಕು. ಫೆಡರೇಶನ್ ಕಪ್ ಕೊನೆಕೊನೆಗೆ ಜನರಿಂದ ದೂರ ಆಗಿತ್ತು. ಬೆಂಗಳೂರಿನ ತಂಡ, ಕೋಲ್ಕತ್ತಾದ ತಂಡ, ಆಟ ಮಾತ್ರ ಕಟಕ್‌ನಲ್ಲಿ, ಮೇ ತಿಂಗಳ ಬಿಸಿಲಲ್ಲಿ. ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗುವವರಲ್ಲಿ ಎಷ್ಟು ಮಂದಿಗೆ ಅಲ್ಲಿಗೆ ಹೋಗಲಾಯಿತು? ಕಪ್ಪನ್ನು ನಿಲ್ಲಿಸಿದ್ದಕ್ಕೆ ನನಗೆ ದುಃಖ ಉಂಟು. ಆದರೆ ಅದನ್ನು ಸೊರಗಿಸಿದ್ದು ಐಎಸ್‌ಎಲ್ ಒಂದೇ ಅಲ್ಲ. ನಡುನಡುವೆ ಕೆಲವು ವರ್ಷ ಕಪ್ ನಡೆಯಲೇ ಇಲ್ಲ. ಪ್ರತಿ ಸಲ ಬೇರೆ ತಿಂಗಳು, ಬೇರೆ ನಿಯಮ. ಇವತ್ತಿಂಥ ದಿನ ಇಂಥ ಕಪ್ ಅಂತ ಜನರ ತಲೆಯಲ್ಲಿ ಕೂತರೆ ಮಾತ್ರ ಅದು ಉಳಿಯುತ್ತದೆ.

ಕುಂಬಳೆಯ ಕಾಲ್ಚೆಂಡು

1977ರ ಐಟಿಐ ವಿಷಯ ತಂದದ್ದಕ್ಕೆ ತುಂಬಾ ಥ್ಯಾಂಕ್ಸ್. ಮೊದಲ ಮತ್ತು ಕೊನೆಯ ಫೈನಲ್ ಎರಡನ್ನೂ ಬಗಾನ್ ಬೆಂಗಳೂರಿಗೆ ಸೋತದ್ದು. ಶಾಲೆಯ ಕ್ವಿಜ್‌ನಲ್ಲಿ ಕೇಳಬೇಕು ಇದನ್ನು.

ನಿಯಮ, ತಿಂಗಳು ಬದಲಾಗುತ್ತಿದ್ದದ್ದು ನಿಜ, ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಕಪ್ಪನ್ನು ಸರಿಯಾಗಿ ನಡೆಸುವುದು, ಹೆಸರು ಅಳಿಸುವುದಲ್ಲ. ಸೂಪರ್ ಕಪ್ ಏನಾಯಿತು ನೋಡಿ. 2018ರಲ್ಲಿ ಭುವನೇಶ್ವರದಲ್ಲಿ ಬೆಂಗಳೂರು 4-1ಗೆ ಈಸ್ಟ್ ಬೆಂಗಾಲ್ ಎದುರು ಗೆದ್ದಿತು. 2019ರಲ್ಲಿ ಗೆದ್ದದ್ದು ಗೋವಾ ತಂಡ. ಮತ್ತೆ 2023ರವರೆಗೆ ಕಪ್ಪೇ ಇಲ್ಲ. ಹೆಸರು ಹೊಸದು, ರೋಗ ಹಳೆಯದೇ. ಫೆಡರೇಶನ್ ಕಪ್ ಅನ್ನುವ ಹೆಸರಿನಲ್ಲಿ ಮಾಷ್ಟ್ರ ಕಣ್ಣೂರು ಉಂಟು, ನಿಮ್ಮ ಐಟಿಐ ಉಂಟು, ನನ್ನ ಕಟಕ್ ಉಂಟು. ಸೂಪರ್ ಕಪ್ ಅಂದರೆ ಇವು ಯಾವುದೂ ಬರುವುದಿಲ್ಲ.

ನಾಲ್ಕನೇ ಸ್ಥಾನದ ತಂಡಕ್ಕೆ ಆ ಕಪ್ ಎಂಥ ಬಾಗಿಲು ತೆರೆಯಿತು ಅನ್ನುವುದನ್ನೂ ಹೇಳಬೇಕು. ಗೆದ್ದವರಿಗೆ ಮುಂದಿನ ವರ್ಷದ ಎಎಫ್‌ಸಿ ಕಪ್ ಅರ್ಹತಾ ಸುತ್ತಿಗೆ ಜಾಗ. ಬೆಂಗಳೂರು 2018ರಲ್ಲಿ ಭೂತಾನಿನ ಟ್ರಾನ್ಸ್‌ಪೋರ್ಟ್ ಯುನೈಟೆಡ್, ಮಾಲ್ದೀವ್ಸ್‌ನ ಟಿಸಿ ಸ್ಪೋರ್ಟ್ಸ್ ತಂಡಗಳನ್ನು ದಾಟಿ ಒಳಗೆ ಹೋಯಿತು. ತುರ್ಕ್‌ಮೆನಿಸ್ತಾನದ ಆಲ್ಟಿನ್ ಅಸಿರ್ ತಡೆಯುವವರೆಗೂ ಆಡಿತು. ಲೀಗ್‌ನಲ್ಲಿ ಎಡವಿದ ತಂಡ ಏಷ್ಯಾಕ್ಕೆ ಹೋದದ್ದು ಎಕ್ಸ್‌ಟ್ರಾ ಟೈಮಿನ ಆ ಎರಡು ಗೋಲಿನಿಂದ. ನಾಕೌಟ್ ಕಪ್ ಇರಬೇಕಾದದ್ದೇ ಇದಕ್ಕೆ.

ತೃಕ್ಕರಿಪುರದ ಸೊಸೆ

ನಾನು ಮುಳ್ಳೇರಿಯದವಳು, ಮದುವೆಯಾಗಿ ಬಂದದ್ದು ತೃಕ್ಕರಿಪುರಕ್ಕೆ. ಇಲ್ಲಿ ಫುಟ್‌ಬಾಲ್ ಗೊತ್ತಿಲ್ಲ ಅಂದರೆ ನೆಂಟರ ಮನೆಯಲ್ಲಿ ಮಾತಾಡಲು ವಿಷಯವೇ ಸಿಗುವುದಿಲ್ಲ.

2016-17ರ ಮಾತು ಬಂದಾಗ ಮುಹಮ್ಮದ್ ರಾಫಿ ಹೆಸರು ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯವರೇ, ಇದೇ ತೃಕ್ಕರಿಪುರದವರು, ಭಾರತಕ್ಕೆ ಆಡಿದವರು. 2016ರ ಡಿಸೆಂಬರ್ 18ಕ್ಕೆ ಕೊಚ್ಚಿಯಲ್ಲಿ ಐಎಸ್‌ಎಲ್ ಫೈನಲ್. ಬ್ಲಾಸ್ಟರ್ಸ್‌ಗೆ ಮೊದಲ ಗೋಲು ರಾಫಿಯ ತಲೆಯಿಂದ. ಕೋಲ್ಕತ್ತಾದವರು ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದರು, ಅದು ಬೇರೆ. ಆ ಗೋಲು ಬಿದ್ದಾಗ ಇಲ್ಲಿ ಹೊಡೆದ ಪಟಾಕಿ ವಿಷುವಿಗೂ ಹೊಡೆಯಲಿಲ್ಲ.

ಅಂದರೆ ಅದೇ ಸೀಸನ್‌ನಲ್ಲಿ ಡಿಸೆಂಬರ್‌ನ ಫೈನಲ್‌ಗೆ ಕಾಸರಗೋಡಿನವರ ಗೋಲು, ಮೇ ತಿಂಗಳ ಫೈನಲ್‌ಗೆ ಕಣ್ಣೂರಿನವರ ಎರಡು ಗೋಲು.  ಆ ವರ್ಷದ ಫುಟ್‌ಬಾಲ್‌ನಲ್ಲಿ ಎರಡು ಜಿಲ್ಲೆಗೂ ಪಾಲು ಇತ್ತು.

ನನ್ನ ಮಗಳು ಈಗ ಶಾಲಾ ತಂಡದಲ್ಲಿ ಆಡುತ್ತಾಳೆ. ಅವಳ ಜೊತೆ ಕೂತು ಕಟಕ್ ಫೈನಲ್‌ನ ವಿಡಿಯೊ ಹುಡುಕುತ್ತೇನೆ ಇವತ್ತು.

ಮೊಗ್ರಾಲ್ ಡಿಫೆಂಡರ್

ಎಲ್ಲ ಒಳ್ಳೆಯ ಮಾತು. ನನ್ನದು ಸ್ವಲ್ಪ ಬೇರೆ.

ನಾಕೌಟ್ ಅಂದರೆ ನಮ್ಮ ಕಡೆಯವರಿಗೆ ಕಲಿಸಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಅಡಿಕೆ ಮರದ ಗ್ಯಾಲರಿ ಕಟ್ಟಿ, ಲೈಟ್ ಹಾಕಿ, ಸೆವೆನ್ಸ್ ಆಡುತ್ತೇವಲ್ಲ, ಅದು ಶುದ್ಧ ನಾಕೌಟ್. ಏಳು ಜನ, ಸಣ್ಣ ಮೈದಾನ, ಉಸಿರು ಬಿಡಲು ಹೊತ್ತಿಲ್ಲ. ಸೋತ ತಂಡ ಅದೇ ರಾತ್ರಿ ಗಾಡಿ ಹತ್ತಬೇಕು. ಆಫ್ರಿಕಾದ ಆಟಗಾರರು ಬರುತ್ತಾರೆ, ಯಾವ ದೇಶದವರಾದರೂ ನಮ್ಮವರ ಬಾಯಲ್ಲಿ ಸುಡಾನಿ. ಫೆಡರೇಶನ್‌ನವರು ಸೆವೆನ್ಸನ್ನು ಒಪ್ಪುವುದಿಲ್ಲ. ಮೊಣಕಾಲು ಹಾಳಾಗುತ್ತದೆ, ಹನ್ನೊಂದರ ಆಟದ ಅಭ್ಯಾಸ ತಪ್ಪುತ್ತದೆ ಅನ್ನುತ್ತಾರೆ. ನನ್ನ ಮೊಣಕಾಲು ನೋಡಿದರೆ ಆ ಮಾತು ಸುಳ್ಳಲ್ಲ. ಗಾಯ ಆದಾಗ ನಮ್ಮನ್ನು ಕರೆಸಿದ ಆ ತಂಡದವರು ಆಸ್ಪತ್ರೆ ಖರ್ಚಿಗೆ ಒಂದು ರೂಪಾಯಿ ಕೊಡಲಿಲ್ಲ. ಆದರೂ ಮಲಬಾರಿನ ದೊಡ್ಡ ಆಟಗಾರರಲ್ಲಿ ಸೆವೆನ್ಸ್ ಗದ್ದೆ ತುಳಿಯದವರು ಕಡಿಮೆ. ಸಂದಿಯಲ್ಲಿ ತಿರುಗಿ ಹೊಡೆಯುವ ಚುರುಕು ಬರುವುದು ಅಲ್ಲಿಂದಲೇ.

ಇನ್ನೊಂದು, ಹಳದಿ ನೀಲಿ ನನಗೆ ನೋಯುವುದಿಲ್ಲ. ಕ್ಲಬ್ ಅಂದರೆ ದುಡ್ಡು ಕೊಟ್ಟು ತಂದ ತಂಡ. ನೋಯುವುದು ಸಂತೋಷ್ ಟ್ರೋಫಿ. ಅಲ್ಲಿ ಅಂಗಿಯ ಮೇಲೆ ರಾಜ್ಯದ ಹೆಸರೇ ಇರುತ್ತದೆ. 2022ರ ಏಪ್ರಿಲ್ 28, ಮಂಜೇರಿಯಲ್ಲಿ ಸೆಮಿ, ಕೇರಳ ಮತ್ತು ಕರ್ನಾಟಕ. ಮೊದಲ ಗೋಲು ಕರ್ನಾಟಕದ್ದು. ಮತ್ತೆ ಬದಲಿ ಆಟಗಾರನಾಗಿ ಜೆಸಿನ್ ಇಳಿದು ಒಬ್ಬನೇ 5 ಗೋಲು ಹೊಡೆದ. 7-3. ನಾನು ಕೇರಳದ ಗೋಲಿಗೆ ಎದ್ದು ನಿಂತೆ, ನನ್ನ ಪಕ್ಕದಲ್ಲಿ ಕೂತಿದ್ದ ಭಾವ ಮಾತಾಡದೆ ಎದ್ದು ಹೋದರು. ಮುಂದಿನ ವರ್ಷ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 3-2ಗೆ ಮೇಘಾಲಯವನ್ನು ಸೋಲಿಸಿ 54 ವರ್ಷಗಳ ನಂತರ ಆ ಟ್ರೋಫಿ ಗೆದ್ದಾಗ ನಾನೇ ಅವರ ಮನೆಗೆ ಲಡ್ಡು ತೆಗೆದುಕೊಂಡು ಹೋದೆ.

ಮಂಜೇಶ್ವರ ಮಿಡ್‌ಫೀಲ್ಡ್

ಕಾಲ್ಚೆಂಡು ಅವರೇ, ಒಂದು ನೇರ ಮಾತು. ನಾವು ಎಲ್ಲದಕ್ಕೂ ಗಡಿ ತಂದು ಸೇರಿಸುತ್ತೇವೆ ಅಂತ ನನಗೆ ಅನಿಸುತ್ತದೆ. ವಿನೀತ್ ಒಳ್ಳೆಯ ಆಟಗಾರ. ಬೆಂಗಳೂರು ಆ ದಿನ ಚೆನ್ನಾಗಿ ಆಡಿತು. ಅಷ್ಟು ಸಾಲದೇ? ನಾನು ಮಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ಸಂಜೆ ಮಂಜೇಶ್ವರಕ್ಕೆ ಬರುತ್ತೇನೆ. ದಿನಾ ಗಡಿ ದಾಟುವವನಿಗೆ ಆಟದಲ್ಲಾದರೂ ಅದು ಬೇಡ ಅನಿಸುತ್ತದೆ.

ಕುಂಬಳೆಯ ಕಾಲ್ಚೆಂಡು

ನಿಮ್ಮ ಮಾತು ಅರ್ಥ ಆಗುತ್ತದೆ. ನಾನು ಹೇಳುತ್ತಿರುವುದೂ ಹೆಚ್ಚುಕಡಿಮೆ ಅದನ್ನೇ. ಗಡಿಯನ್ನು ನಾವು ತರಲಿಲ್ಲ, ಲೀಗಿನ ವ್ಯವಸ್ಥೆ ತಂದಿತು. ವಿನೀತ್ ನವೆಂಬರ್‌ನಲ್ಲಿ ಹಳದಿ, ಜನವರಿಯಲ್ಲಿ ನೀಲಿ ತೊಟ್ಟಾಗ ಅವರನ್ನು ದ್ರೋಹಿ ಅಂತ ಯಾರೂ ಕರೆಯಲಿಲ್ಲ. ಎರಡು ಲೀಗ್ ಒಂದೇ ಹೊತ್ತಿಗೆ ಬಂದ ಮೇಲೆ ಆಟಗಾರ ಒಂದನ್ನು ಆರಿಸಬೇಕಾಯಿತು, ಅವನ ಹಿಂದೆ ನಾವೂ. ಕಾಸರಗೋಡಿನವರಿಗೆ ಈ "ಒಂದನ್ನು ಆರಿಸು" ಅನ್ನುವ ಮಾತು ನಮ್ಮ ಊರು ಕೇರಳಕ್ಕೆ ಸೇರಿದ 1956ರಿಂದ ಕೇಳಿ ಕೇಳಿ ಸಾಕಾಗಿದೆ. ಅದಕ್ಕೇ ಆ ಸೀಸನ್ ನನಗೆ ಅಷ್ಟು ಪ್ರೀತಿ.

ಉಪ್ಪಳ ರೈಟ್ ವಿಂಗ್

ಫೈನಲ್ ಹೈಲೈಟ್ಸ್ ಸಿಕ್ಕಿತು ಅಣ್ಣಾ, ನೋಡಿದೆ. ಎರಡನೇ ಗೋಲು ಬೀಳುವಾಗ ಬಗಾನ್‌ನವರಿಗೆ ಓಡಲು ಕಾಲೇ ಇಲ್ಲ. ಮಾಷ್ಟ್ರೇ, 1991ರ ಕಣ್ಣೂರು ಫೈನಲ್‌ನ ಫೋಟೊ ಏನಾದ್ರೂ ಉಂಟಾ ನಿಮ್ಮ ಹತ್ರ?

ನೀರ್ಚಾಲು ಮಾಷ್ಟ್ರು

ಫೋಟೊ ಇಲ್ಲ ಮಗಾ, ನಮ್ಮಲ್ಲಿ ಯಾರ ಹತ್ತಿರವೂ ಕ್ಯಾಮೆರಾ ಇರಲಿಲ್ಲ. ಪೇಪರ್ ಕಟಿಂಗ್ ಇಟ್ಟ ಒಬ್ಬರು ಬೇಳದಲ್ಲಿ ಇದ್ದಾರೆ, ಕೇಳುತ್ತೇನೆ. ಸಿಕ್ಕಿದರೆ ಇಲ್ಲೇ ಹಾಕುತ್ತೇನೆ. ಕಾಲ್ಚೆಂಡು ಅವರು ಎಷ್ಟು ಬರೆದರೂ ನನ್ನ ಓಟು 1991ಕ್ಕೇ. ವಿನೀತ್ ಎರಡು ಗೋಲಿಗೆ ನನ್ನ ತಕರಾರಿಲ್ಲ, ಆದರೆ ಸತ್ಯನ್ ಚೆಂಡು ತಡೆದದ್ದನ್ನು ನೀವು ಎದುರಿಗೆ ನಿಂತು ನೋಡಬೇಕಿತ್ತು.